ಮಾಳಿಗೆ ಮೇಲಿನ ಪಿಯಾನೋ ಹಾಲೇಶ

ನಮ್ಮ ಮಾಳಿಗೆ ಮೇಲೆ ಬಾಡಿಗೆಗಿರೋ ಹಾಲೇಶ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಶಿಫ್ಟ್ ಮುಗಿಸಿ ಬಂದರೆ ಬೂಟು ಸೈತ ಬಿಚ್ಚದೆ ಕರೆಂಟ್ ಪಿಯಾನೋ ಮುಂದೆ ಕೂರತಾನೆ. ಬಾರಿಸೋದು ಈಗಿನ ಕಾಲದ ಯಾರೋ ಫಾರಿನ್‌ನವರು ಬರೆದ ಸಂಗೀತ. ನಾಕೇ ಸ್ವರ, ಅನ್ನ ಬೇಯೋತನಕ ಅವೇ. "ಮುಂದಿನ ಸಾಲು ಬರಲ್ಲೇನಲೇ?" ಅಂದರೆ, "ನಡುವ ಒಂದು ಸ್ವರ ಬದಲಾತಲ್ರಿ ಅಮ್ಮ, ಕೇಳಲಿಲ್ಲೇನು?" ಅಂತ ನನ್ನ ಮೇಲೇ ತಿರುಗಿ ಬೀಳತಾನೆ. ಹಂಪಿಯಲ್ಲಿ ಅವನೊಬ್ಬನೇ ಬಾರಿಸೋ ಕಾರ್ಯಕ್ರಮಕ್ಕೆ ವಾರ ಇರುವಾಗ ನಮ್ಮನೆಯವರು ತೀರಿಕೊಂಡರು. ನಮ್ಮ ಕಡೆ ಸಾವಿನ ಮನೆಯಲ್ಲಿ ಹನ್ನೊಂದು ದಿನ ಟಿವಿನೂ ಹಚ್ಚಂಗಿಲ್ಲ. ಮೇಲಿಂದ ಬರೇ ಟಕಟಕ ಸದ್ದು. ಹತ್ತಿ ನೋಡಿದೆ. ಸ್ವಿಚ್ ಆರಿಸಿ, ಸ್ವರ ಬಾರದ ಪಟ್ಟಿಗಳನ್ನೇ ಒತ್ತತಾ ಕೂತಿದ್ದ. "ಕೆಳಗ ಕೇಳಸ್ತೇನ್ರಿ? ತಪ್ಪಾತು," ಅಂದ. "ಲೇ, ಸ್ವಿಚ್ ಹಾಕು," ಅಂದೆ, "ಮನಿ ಬಣಬಣ ಅಂತೈತಿ."