ಖರ್ಜೂರದ ಮರಕ್ಕೆ ಕಿವಿಯಿಟ್ಟ ಶುಕ್ರವಾರ

ಅಪ್ಪ ಅಬುಧಾಬಿಯ ಹೊರಗೆ ಒಂದು ಖರ್ಜೂರದ ತೋಟದಲ್ಲಿ ಕೆಲಸಕ್ಕಿದ್ದರು. ಅಮ್ಮ ಕ್ಲಿನಿಕ್ಕಿನಲ್ಲಿ ನರ್ಸ್. ಅಮ್ಮನೂ ನಾನೂ ಖಲೀಫಾ ಸಿಟಿಯ ವಿಲ್ಲಾ ಒಂದರಲ್ಲಿ ಹಲಗೆ ಅಡ್ಡವಿಟ್ಟು ಮಾಡಿದ ಪಾರ್ಟಿಶನ್ ರೂಮಿನಲ್ಲಿದ್ದೆವು. ತೋಟದಲ್ಲೇ ಉಳಿಯುತ್ತಿದ್ದ ಅಪ್ಪ ಪ್ರತಿ ಗುರುವಾರ ಸಂಜೆ ಬರುತ್ತಿದ್ದರು. ಒಂದು ಗುರುವಾರ ಬಂದವರೇ, ನಾಳೆ ನೀನು ನನ್ನ ಜೊತೆ ತೋಟಕ್ಕೆ ಬರಬೇಕು ಎಂದರು.

ತೋಟದ ಅತಿ ದೊಡ್ಡ ಮರದೊಳಗೆ ಹುಳು ಸೇರಿದೆ, ಕಡಿದು ಸುಡದಿದ್ದರೆ ಉಳಿದ ಮರಗಳೂ ಹೋಗುತ್ತವೆ ಎಂಬುದು ಅಪ್ಪನ ಮಾತು. ಊರಿನ ತೆಂಗಿಗೂ ಇದೇ ಹುಳು ಬೀಳುವುದನ್ನು ಅವರು ಕಂಡಿದ್ದರು. ಆದರೆ ತೋಟದ ಉಸ್ತುವಾರಿಗೆ ಬಂದ ಹೊಸ ಎಂಜಿನಿಯರಿಗೆ ಹಿಂದಿ ಬಾರದು, ಅಪ್ಪನ ಅರಬಿ 'ಯಲ್ಲಾ' ಅಂದರೆ ನಡಿ, 'ಖಲಾಸ್' ಅಂದರೆ ಮುಗೀತು, ಅಷ್ಟಕ್ಕೇ ನಿಲ್ಲುತ್ತಿತ್ತು; ಅದಕ್ಕೇ ನನ್ನಿಂದ ಇಂಗ್ಲಿಷಿನಲ್ಲಿ ಹೇಳಿಸುವ ಯೋಚನೆ. ನನಗೆ ಹನ್ನೆರಡು ವರ್ಷ, ಮನೆಯಲ್ಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಜಂಬ.

"ಊರ ಉಸಾಬರಿ ನಿಮಗೆ ಎಂತಕ್ಕೆ?" ಎಂದಳು ಅಮ್ಮ. "ಅದು ತೋಟದ ಯಜಮಾನರ ಅಪ್ಪ ನೆಟ್ಟ ಮರ. ಕಡಿದ ಮೇಲೆ ಒಳಗೆ ಎಂತದೂ ಇಲ್ಲದಿದ್ರೆ ನಿಮ್ಮನ್ನು ಊರಿಗೆ ಕಳಿಸ್ತಾರೆ ಅಷ್ಟೇ."

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ತೋಟದಲ್ಲಿ ಅಪ್ಪ ಆ ಮರದ ಕಾಂಡಕ್ಕೆ ಕಿವಿಯಿಟ್ಟು ಕೇಳಿದರು. ಆಮೇಲೆ ನನ್ನನ್ನೂ ಕೇಳಿಸಿಕೊಳ್ಳಲು ಹೇಳಿದರು. ಒಳಗೆ ಕರಕರ ಸದ್ದು, ಯಾರೋ ಚಕ್ಕುಲಿ ಜಗಿಯುತ್ತಿರುವಂತೆ. ಸ್ಪಷ್ಟವಾಗಿಯೇ ಕೇಳಿತು.

ಎಂಜಿನಿಯರ್ ಬಂದ. ಅಪ್ಪ ಹೇಳಿದ್ದನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಅವನು ತಲೆಯೆತ್ತಿ ಗರಿಗಳನ್ನು ನೋಡಿದ, ಎಲ್ಲ ಹಸಿರಾಗಿಯೇ ಇದ್ದವು. ಮಧ್ಯಾಹ್ನ ಯಜಮಾನರು ಬರುತ್ತಾರೆ, ಈ ಮಾತಿಗೆ ಹೊಣೆ ಯಾರು ಎಂದ. ನಂತರ ನನ್ನ ಕಡೆ ಬಾಗಿ ಕೇಳಿದ, ನಿನ್ನ ಅಪ್ಪನಿಗೆ ಖಾತ್ರಿಯಿದೆಯೇ?

ಅಪ್ಪನನ್ನು ಕೇಳಬೇಕಿತ್ತು. ನಾನು ಕೇಳಲಿಲ್ಲ. ಊರಿಗೆ ಕಳಿಸ್ತಾರೆ ಎಂಬ ಅಮ್ಮನ ಮಾತೇ ತಲೆಯಲ್ಲಿತ್ತು.

"ಹಿ ಈಸ್ ನಾಟ್ ಶೂರ್," ಎಂದೆ.

ಅಪ್ಪ ನನ್ನತ್ತ ಒಮ್ಮೆ ನೋಡಿದರು. ಎಂಜಿನಿಯರ್ ತಲೆಯಾಡಿಸಿ ಕಾರಿನತ್ತ ನಡೆದ. "ಬಾ, ನೀರು ಕುಡಿ," ಎಂದರು ಅಪ್ಪ.

ಎರಡು ತಿಂಗಳಲ್ಲಿ ಒಂದು ಗಾಳಿಗೆ ಆ ಮರ ನಡುವಿನಲ್ಲೇ ಮುರಿಯಿತು. ಅಕ್ಕಪಕ್ಕದ ಐದು ಮರಗಳಲ್ಲೂ ಹುಳು ಕೊರೆದ ತೂತು. ಆ ಸಾಲನ್ನು ನೋಡಿಕೊಳ್ಳುತ್ತಿದ್ದ ಅಪ್ಪನಿಗೇ ಖಾತ್ರಿ ಇರಲಿಲ್ಲ ಎಂದು ಎಂಜಿನಿಯರ್ ಯಜಮಾನರಿಗೆ ಹೇಳಿದನಂತೆ. ಅಪ್ಪನ ವೀಸಾ ರದ್ದಾಯಿತು. ಯಾವುದಕ್ಕೆ ಹೆದರಿ ಸುಳ್ಳು ಹೇಳಿದ್ದೆನೋ, ಆ ಸುಳ್ಳಿನಿಂದಲೇ ಅದು ಬಂತು. ನನ್ನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಹೊರಡುವ ಹಿಂದಿನ ದಿನ ಅಪ್ಪ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಗಂಟು ಹಾಕುವಲ್ಲಿ ಬೆರಳಿಟ್ಟು ಒತ್ತಿ ಹಿಡಿಯಲು ನನಗೆ ಹೇಳಿದರು. ಹಿಡಿದುಕೊಂಡೇ ಅತ್ತೆ.

"ಅಪ್ಪಾ, ಆ ದಿನ ನಾನು ಅವರಿಗೆ..."

"ಗೊತ್ತುಂಟು ಮಗಾ. ಅಷ್ಟು ಇಂಗ್ಲಿಷ್ ನನಗೂ ಬರ್ತದೆ."

"ಮತ್ತೆ ಯಾಕೆ ಸುಮ್ಮನಿದ್ರಿ?"

ಅಪ್ಪ ಗಂಟು ಬಿಗಿದು, ನನ್ನ ಬೆರಳು ಬಿಡಿಸಿದರು.

"ನನ್ನ ಮಗಳು ಹೇಳಿದ್ದು ಸುಳ್ಳು ಅಂತ ಅವನ ಎದುರು ಹೇಳ್ಲಿಕ್ಕೆ ಆಗ್ತದಾ?"