ಫೇಲಾದ ಕಾರ್ಯದರ್ಶಿ

ಜ್ಞಾನದೇವ ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಎದುರಿನ ಫೋಟೋ ಸ್ಟುಡಿಯೋದಲ್ಲಿ ಸಂಬಳಕ್ಕಿದ್ದ. ಅವನಿಗೆ ಛಾಯಾಗ್ರಾಹಕರ ಸಂಘದ ಮೇಲೆ ಪ್ರೀತಿ ಹುಟ್ಟಿದ್ದು ಯಾವ ದೊಡ್ಡ ಆದರ್ಶದಿಂದಲೂ ಅಲ್ಲ. ಸಂಘ ಮುಚ್ಚಿದರೆ ಮಾಲಕ ಭಾವುಸಾಹೇಬರು ಒಂದು ದಿನವೂ ಬಿಡದೆ ಸ್ಟುಡಿಯೋದಲ್ಲೇ ಕೂರುತ್ತಾರೆ ಎಂಬ ಹೆದರಿಕೆಯಿಂದ.

ಭಾವುಸಾಹೇಬರು ಕೆಟ್ಟವರಲ್ಲ. ಜ್ಞಾನದೇವನಿಗೆ ಕ್ಯಾಮೆರಾ ಹಿಡಿಯಲು ಕಲಿಸಿದವರೇ ಅವರು. ಆದರೆ ಹನ್ನೆರಡು ಫೋಟೋದ ರೋಲಿನಲ್ಲಿ ಇಡೀ ಮದುವೆ ಮುಗಿಸುತ್ತಿದ್ದ ಕಾಲದವರು. ಹುಡುಗ ಎರಡನೇ ಸಲ ಗುಂಡಿ ಒತ್ತಿದರೆ ಅವರ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಅವನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತು, "ಗದ್ದ ಎತ್ತಸು. ಅಷ್ಟಲ್ಲ. ಅವರೇನು ಬಾನಿಗೆ ನೋಡಾಕ ಬಂದಾರೇನು?" ಎನ್ನುತ್ತಿದ್ದರು. ಗಿರಾಕಿ ನಗುತ್ತಿದ್ದ, ಜ್ಞಾನದೇವನ ಕಿವಿ ಕೆಂಪಾಗುತ್ತಿತ್ತು. ತಿಂಗಳ ಮೊದಲ ಗುರುವಾರ ಮಾತ್ರ ಅವರು ಸಂಘದ ಕೋಣೆಗೆ ಹೋಗುತ್ತಿದ್ದರು. ಆ ಮಧ್ಯಾಹ್ನ ಜ್ಞಾನದೇವ ಸ್ಟುಡಿಯೋದ ರಾಜ.

ಸಂಘವನ್ನು ಕಟ್ಟಿದವರು ಭಾವುಸಾಹೇಬರೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಕಡೆಯ ಸ್ಟುಡಿಯೋ ಮಾಲಕರು ಹಳೆ ಪೇಟೆಯ ಶೇಂಗಾ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂಡುತ್ತಿದ್ದರು. ಜೈನರ ಮನೆಯವರಾದ ಭಾವುಸಾಹೇಬರು ಹೊತ್ತು ಮುಳುಗಿದ ಮೇಲೆ ಏನೂ ತಿನ್ನುತ್ತಿರಲಿಲ್ಲ. ಹೀಗಾಗಿ ಸಭೆ ನಾಲ್ಕಕ್ಕೆ ಶುರುವಾಗಿ, ಅವರ ಹೆಂಡತಿ ಜಿನಮತಿ ಕಾಕು ಕಳಿಸಿದ ಅವಲಕ್ಕಿ ಬಿಸಿಲಿರುವಾಗಲೇ ಖಾಲಿಯಾಗಿ, ಎಲ್ಲರೂ ಬಸ್ ಹಿಡಿಯುತ್ತಿದ್ದರು. ಈಚೆಗೆ ಸದಸ್ಯರು ಸಭೆಗಿಂತ ಹೆಚ್ಚಾಗಿ ತಮ್ಮಲ್ಲಿ ತೀರಿಕೊಂಡವರ ಮಣ್ಣಿಗೆ ಹೋದಾಗಲೇ ಭೇಟಿಯಾಗುತ್ತಿದ್ದರು.

ಎಂಬತ್ತೊಂಬತ್ತರ ಮಳೆಗಾಲದಲ್ಲಿ ಭಾವುಸಾಹೇಬರು ಮಾತು ತೆಗೆದರು.

"ಬರೂ ಬ್ಯಾಸಗಿ ಮುಗಿಯೂದರಾಗ ಹುಡುಗೋರು ಬರ್ಲಿಲ್ಲಂದ್ರ ಕೋಣಿ ಕೀಲಿ ವಾಪಸ್ ಕೊಟ್ಟುಬಿಡತೀನಿ. ಮುದುಕರು ಕೂಡಿ ಅವಲಕ್ಕಿ ತಿನ್ನಾಕ ಸಂಘ ಯಾಕ ಬೇಕು? ಮನ್ಯಾಗೂ ತಿನಬಹುದು."

"ಮತ್ತ ನೀವು ಗುರುವಾರಕ್ಕ ಎಲ್ಲಿ ಹೋಗಾವ್ರು ಕಾಕಾ?" ಜ್ಞಾನದೇವ ಕೇಳಿದ.

"ಎಲ್ಲಿ ಹೋಗ್ಲಿ? ಇಲ್ಲೇ ಕುಂಡ್ರತೀನಿ."

ಜ್ಞಾನದೇವನ ಬಾಯಿಂದ ಮಾತು ತಾನಾಗಿಯೇ ಬಿತ್ತು. "ಹುಡುಗೋರನ್ನ ನಾ ಕರಕೊಂಡ ಬರತೀನ್ರಿ."

ಮರುದಿನವೇ ಅವನನ್ನು ಸಂಘದ ಕಾರ್ಯದರ್ಶಿ ಮಾಡಿದರು. ಬೇರೆ ಯಾರೂ ಆ ಕೆಲಸ ಕೇಳಿರಲಿಲ್ಲ.

ಮೊದಲು ಅವನು ಹೋದದ್ದು ರಾಯಬಾಗದ ಲಗಮಪ್ಪನ ಹತ್ತಿರ. ಲಗಮಪ್ಪ ಅಲ್ಲಿನ ಸ್ಟುಡಿಯೋದಲ್ಲಿ ಜ್ಞಾನದೇವನ ಹಾಗೆಯೇ ಸಂಬಳದ ಹುಡುಗ. ಬಾಯಿ ಜೋರು, ಕೈಯೂ ಚುರುಕು. ಸುತ್ತಲಿನ ಹುಡುಗರು ಅವನ ಮಾತು ಕೇಳುತ್ತಿದ್ದರು.

"ಸಂಘಕ್ಕ ಯಾಕ ಬರವಲ್ಲಿ?" ಎಂದು ಜ್ಞಾನದೇವ ಕಾರ್ಯದರ್ಶಿಯ ಗತ್ತಿನಲ್ಲಿ ಕೇಳಿದ.

"ನಮ್ಮ ಮಾಲಕ ನಾಲ್ಕಕ್ಕ ಅಲ್ಲಿ ಬಂದು ಅವಲಕ್ಕಿ ತಿನ್ನಾಕತ್ತಿರತಾನ. ಅಂಗಡ್ಯಾಗ ಯಾರು ಕುಂಡ್ರಬೇಕು? ನಾನೂ ಬಂದ್ರ ಗಿರಾಕಿ ತನ್ನ ಫೋಟೋ ತಾನ ತಕ್ಕೊಂಡು ಹೋಗತಾನೇನಲೇ?"

 ವರ್ಷಗಟ್ಟಲೆ ಅದೇ ಹೊತ್ತಿನಲ್ಲಿ ಜ್ಞಾನದೇವನೂ ಅಂಗಡಿ ಕಾಯುತ್ತ ಕೂತಿದ್ದ, ರಾಜನೆಂದು ತಿಳಿದುಕೊಂಡು. ಮಾಲಕರ ಸಭೆಗೆ ಹುಡುಗರು ಬರದಿರುವುದಕ್ಕೆ ಕಾರಣ ಮಾಲಕರ ಸಭೆಯೇ ಎಂಬುದು ತಲೆಗೆ ಹೊಳೆದಿರಲಿಲ್ಲ.

"ಮತ್ತ ಬಂದ್ರ ಸಿಗೂದೇನು?" ಲಗಮಪ್ಪ ಮುಂದುವರಿಸಿದ. "ಫ್ಲ್ಯಾಶ್ ಹೊಡೆದ್ರ ಮದಿಮಗಳ ಮಾರಿ ಸುಣ್ಣ ಬಳದಂಗ ಬರತೈತಿ. ಯಾಕಂತ ಕೇಳಿದ್ರ ನಮ್ಮ ಮಾಲಕ, ಹುಡುಗಿನ ಬೆಳ್ಳಗ ಅದಾಳು ಬಿಡು ಅಂತಾನ. ಅದನ್ನ ಕಲಿಸ್ತೀರೇನು? ಕಲಿಸಿದ್ರ ಬರತೀವಿ."

ಹೀಗೆ ತರಗತಿ ಶುರುವಾಯಿತು. ಅಂಗಡಿಗಳು ಮುಚ್ಚುವ ಹೊತ್ತಿಗೆ, ಭಾವುಸಾಹೇಬರ ಊಟವಾದ ಮೇಲೆ. ಹೊತ್ತು ಮುಳುಗಿದ ಮೇಲೆ ಮನೆಯಿಂದ ಹೊರಬೀಳದ ಮನುಷ್ಯ ಕೈಯಲ್ಲಿ ಬ್ಯಾಟರಿ ಹಿಡಿದು ಹೊರಡಲು ಹತ್ತಿದ್ದು ನೋಡಿ ಜಿನಮತಿ ಕಾಕು, "ಈ ವಯಸ್ಸಿನಾಗ ಇವ್ರಿಗೆ ಸಾಲಿ ಹುಚ್ಚು ಹತ್ತೇತಿ" ಎಂದು ಓಣಿಗೆಲ್ಲ ಹೇಳಿದರು. ಭಾವುಸಾಹೇಬರು ಫ್ಲ್ಯಾಶಿನ ಮೋರೆಯನ್ನು ಸೂರಿನತ್ತ ತಿರುಗಿಸಿ, ಬೆಳಕು ಅಲ್ಲಿ ಬಡಿದು ಮೆತ್ತಗೆ ಇಳಿಯುವುದನ್ನು ತೋರಿಸಿದ ದಿನ ಲಗಮಪ್ಪ ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದ.

ರೋಲು ಹಾಕುವ ಪಾಠ ಜ್ಞಾನದೇವನ ಪಾಲಿಗೆ ಬಂತು. ಅವನು ಕ್ಯಾಮೆರಾ ಎತ್ತಿ ಹಿಡಿದು ದೊಡ್ಡ ದನಿಯಲ್ಲಿ ಹೇಳಿದ: "ರೋಲಿನ ಹೊರಗ ಚಾಚಿದ ನಾಲಿಗಿ ಕ್ಯಾಮೆರಾದೊಳಗಿನ ಚಕ್ರದ ಹಲ್ಲಿಗೆ ಸಿಗಬೇಕು. ಬಲಗಡೆ ಸುತ್ತಿದಾಗ ಎಡಗಡೆ ಗುಂಡಿ ತಿರಗತೈತೋ ಇಲ್ಲೋ ನೋಡ್ರಿ. ತಿರಗಲಿಲ್ಲಂದ್ರ ರೋಲು ನಿಂತಲ್ಲೇ ನಿಂತೈತಿ. ನೀವು ಖಾಲಿ ಡಬ್ಬಿ ಹಿಡಕೊಂಡು ಮದವಿ ತುಂಬ ಕುಣದಂಗ."

ಹುಡುಗರು ನಕ್ಕರು. ಅವನಿಗೂ ತನ್ನ ಮಾತು ಬಹಳ ಹಿಡಿಸಿತು.

ಕಲಿಯಲು ಬಂದವರು ಸದಸ್ಯರಾಗಲು ಮಾತ್ರ ಒಪ್ಪಲಿಲ್ಲ. ಪರೀಕ್ಷೆ ಮಾಡಿ, ಪಾಸಾದವರಿಗೆ ಸರ್ಟಿಫಿಕೇಟ್ ಕೊಟ್ಟು, ಅವರನ್ನೇ ಸದಸ್ಯರನ್ನಾಗಿ ಮಾಡಿಕೊಳ್ಳುತ್ತೇವೆ ಎಂದು ಜ್ಞಾನದೇವ ಹೇಳಿದ. ಅಂಗಡಿಯಲ್ಲಿ ತೂಗುಹಾಕಿದರೆ ಹೆಣ್ಣಿನ ಕಡೆಯವರು ನಂಬಿ ಮದುವೆ ಕೆಲಸ ಕೊಡುತ್ತಾರೆ ಎಂದ. ಲಗಮಪ್ಪ ನಕ್ಕುಬಿಟ್ಟ.

"ಯಾರಿಗೆ ಕೊಡತಾರಂತ ಗೊತ್ತಿಲ್ಲೇನು? ಮಾಲಕರ ಮಕ್ಕಳಿಗೆ, ಅಳಿಯಂದ್ರಿಗೆ. ಮೊದಲನೇದ್ದು ಭಾವುಸಾಹೇಬರ ಮನುಷ್ಯಾಗ, ಅಂದ್ರ ನಿನಗ. ಪರೀಕ್ಷಾ ಆಗ್ಲಿ, ನೋಡೂಣು. ಆಮ್ಯಾಲೆ ಹೆಸರು ಬರಸೂದು."

ಉಳಿದವರೂ ಅದೇ ಮಾತಿಗೆ ಬಿದ್ದರು. ಅಂದರೆ ಎಲ್ಲ ಬಂದು ಆ ಒಂದು ಪರೀಕ್ಷೆಯ ಮೇಲೆ ನಿಂತಿತು. ಅದು ಚಂದಾಗಿ ನಡೆದರೆ ಸಂಘ ಉಳಿಯಿತು. ಕೆಟ್ಟರೆ ಕೀಲಿ ವಾಪಸ್, ಭಾವುಸಾಹೇಬರು ಗುರುವಾರವೂ ಸ್ಟುಡಿಯೋದ ಕುರ್ಚಿಗೆ ವಾಪಸ್.

ಪರೀಕ್ಷೆಯ ಜಾಗ ಆರಿಸಿದವರು ಭಾವುಸಾಹೇಬರು. ಬೇಸಿಗೆಯಲ್ಲಿ ಬೋರಗಾಂವದಲ್ಲಿ ಸಾಮೂಹಿಕ ಮದುವೆಯಿತ್ತು. ಒಬ್ಬೊಬ್ಬ ಹುಡುಗನಿಗೆ ಒಂದೊಂದು ಜೋಡಿ. ಒಂದೇ ರೋಲು. ಫೋಟೋಗಳು ಆ ಜೋಡಿಗೆ ಸಂಘದ ಉಡುಗೊರೆ.

"ಕಾರ್ಯದರ್ಶಿ ಸಾಹೇಬ್ರೂ ಪರೀಕ್ಷಾಕ್ಕ ಕುಂಡ್ರತಾರ ಹೌದಿಲ್ರಿ?" ಲಗಮಪ್ಪ ಕೇಳಿದ.

"ಕುಂಡ್ರದ ಏನು" ಎಂದ ಜ್ಞಾನದೇವ. ಕೂರಬೇಕೆಂದು ಅವನಿಗೆ ಅಲ್ಲಿಯವರೆಗೆ ಅನಿಸಿಯೇ ಇರಲಿಲ್ಲ.

ಅವನ ಪಾಲಿಗೆ ಬಂದ ಜೋಡಿ ಮಾಯಪ್ಪ ಮತ್ತು ರುಕ್ಮವ್ವ. ಮಾಯಪ್ಪ ಬೋರಗಾಂವದಲ್ಲೇ ಪವರ್‌ಲೂಮ್ ನಡೆಸುವವನು, ಮಗ್ಗದ ಸಪ್ಪಳಕ್ಕೆ ಕಿವಿ ಮಂದವಾಗಿ ಎಲ್ಲದಕ್ಕೂ ನಗುತ್ತಿದ್ದ. ರುಕ್ಮವ್ವ ಹಾಗಲ್ಲ. ಬಾಸಿಂಗದ ಕೆಳಗಿನಿಂದಲೇ ಕಣ್ಣು ಎತ್ತಿ, "ಅಣ್ಣಾ, ನಮ್ಮ ಮನ್ಯಾಗ ಯಾರ ಮದವಿದೂ ಫೋಟೋ ಇಲ್ಲ. ನಮ್ಮವ್ವಂದೂ ಇಲ್ಲ. ಚಲೋತ್ನಾಗಿ ತಗೀರಿ" ಎಂದಳು.

"ನೀವೇನೂ ಕಾಳಜಿ ಮಾಡಬ್ಯಾಡ್ರಿ ತಂಗಿ" ಎಂದ ಕಾರ್ಯದರ್ಶಿ. ಅವಸರದಲ್ಲಿ ರೋಲು ಹಾಕಿ ಮುಚ್ಚಳ ಒತ್ತಿದ. ಅಷ್ಟರಲ್ಲಿ ಯಾರೋ ಸ್ಟೂಲು ಕೇಳಿದರು, ಇನ್ಯಾರೋ ಬ್ಯಾಟರಿ ಕೇಳಿದರು. ಎಡಗಡೆಯ ಗುಂಡಿ ನೋಡುವುದು ಹುಡುಗರಿಗೆ ಹೇಳಿದ ಪಾಠ. ಅದು ತನಗೂ ಸೇರಿದ್ದೆಂದು ಅವನಿಗೆ ಹೊಳೆಯಲಿಲ್ಲ.

ಚಪ್ಪರದುದ್ದಕ್ಕೂ ಜೋಡಿಗಳು ಸಾಲಾಗಿ ನಿಂತಿದ್ದವು, ಪ್ರತಿ ಜೋಡಿಯ ವಧೂವರರ ನಡುವೆ ಅಂತರಪಟ. ಮಂಗಲಾಷ್ಟಕ ಮುಗಿಯುತ್ತಲೇ ಬಟ್ಟೆಗಳೆಲ್ಲ ಒಮ್ಮೆಗೇ ಸರಿದವು. ವಾಜಂತ್ರಿ ಬಡಿಯಿತು, ಅಕ್ಕಿಕಾಳು ಆಲಿಕಲ್ಲಿನಂತೆ ಸುರಿಯಿತು, ಹುಡುಗರ ಫ್ಲ್ಯಾಶುಗಳು ಪಟಪಟ ಹೊಳೆದವು. ಜ್ಞಾನದೇವ ಕೂತು ತೆಗೆದ, ನಿಂತು ತೆಗೆದ. ಕ್ಯಾಮೆರಾದ ಲೆಕ್ಕದ ಮುಳ್ಳು ರೋಲು ಮುಗಿಯಬೇಕಾದ ಮೂವತ್ತಾರಕ್ಕೆ ಬಂತು, ರೋಲು ಇನ್ನೂ ಹೋಗುತ್ತಲೇ ಇತ್ತು. ಒಮ್ಮೊಮ್ಮೆ ಒಂದೆರಡು ಹೆಚ್ಚಿಗೆ ಬರುವುದುಂಟು. ನನ್ನ ಕೈಗುಣ ಎಂದುಕೊಂಡ. ಮೂವತ್ತೆಂಟೂ ದಾಟಿತು. ನಲವತ್ತರ ಹತ್ತಿರ ಬಂದಾಗ ತನ್ನದೇ ಪಾಠ ನೆನಪಾಯಿತು. ಬಗ್ಗಿ ಎಡಗಡೆಯ ಗುಂಡಿ ನೋಡುತ್ತ ಬಲಗಡೆ ಸುತ್ತಿದ. ಗುಂಡಿ ಅಲ್ಲಾಡಲಿಲ್ಲ.

ಖಾಲಿ ಡಬ್ಬಿ ಹಿಡಿದು ಮದುವೆ ತುಂಬ ಕುಣಿದವನು ಅವನೇ. ಮದುವೆ ಮುಗಿದಿತ್ತು, ಅದೇ ರೋಲನ್ನು ಈಗ ಸರಿಯಾಗಿ ಹಾಕಿದರೂ ಬಿದ್ದ ಅಕ್ಕಿಕಾಳು ಮೇಲೇಳುವುದಿಲ್ಲ. "ಚಲೋ ಬಂದಾವೇನ್ರಿ ಅಣ್ಣಾ?" ಎಂದು ರುಕ್ಮವ್ವ ಕೇಳಿದಳು. ಅವನು ಮಾಯಪ್ಪನ ಹಾಗೆ ಕಿವಿ ಕೇಳದವನಂತೆ ನಕ್ಕ.

ಆಗ ಬಣ್ಣದ ರೋಲುಗಳನ್ನು ತೊಳೆಯಲು ಕೊಲ್ಲಾಪುರಕ್ಕೆ ಕಳಿಸಬೇಕಿತ್ತು. ಎಲ್ಲರ ರೋಲಿನ ಜೊತೆ ಜ್ಞಾನದೇವ ತನ್ನದನ್ನೂ ಚೀಲಕ್ಕೆ ಹಾಕಿದ. ಈ ಕಡೆಯ ಫೋಟೋದವರಿಗೆಲ್ಲ ಒಂದು ಹಾದಿ ಗೊತ್ತಿತ್ತು: ಏನೇ ಹಾಳಾದರೂ 'ಕೊಲ್ಲಾಪುರದ ಲ್ಯಾಬಿನಾಗ ಕೆಟ್ಟೈತಿ' ಎನ್ನುವುದು. ಕೊಲ್ಲಾಪುರದವರು ಬಂದು ಇಲ್ಲವೆನ್ನುವುದಿಲ್ಲ. ಚೀಲ ವಾಪಸು ಬರುವವರೆಗೆ ಅವನು ಆ ಮಾತನ್ನು ಬೇರೆ ಬೇರೆ ದನಿಯಲ್ಲಿ ಹೇಳಿ ನೋಡಿಕೊಂಡ. ದುಃಖದ ದನಿಯಲ್ಲಿ ಹೇಳಿದರೆ ಚೆನ್ನಾಗಿ ಒಪ್ಪುತ್ತಿತ್ತು.

ಫಲಿತಾಂಶದ ದಿನ ಕೋಣೆಯಲ್ಲಿ ಜಮಖಾನೆ ಹಾಸಿ ಫೋಟೋಗಳನ್ನು ಹರಡಿದ್ದರು. ಭಾವುಸಾಹೇಬರು ಒಂದೊಂದನ್ನೇ ಎತ್ತಿ, ಚಶ್ಮಾ ಏರಿಸಿ ನೋಡಿ ಇಡುತ್ತಿದ್ದರು. ಜ್ಞಾನದೇವನ ಲಕೋಟೆಯಲ್ಲಿ ಒಂದೂ ಫೋಟೋ ಇರಲಿಲ್ಲ, ಬರೀ ನೆಗೆಟಿವಿನ ಪಟ್ಟಿ.

"ಕೊಲ್ಲಾಪುರದ ಲ್ಯಾಬಿನಾಗ..." ಎಂದು ಅವನು ದುಃಖದ ದನಿ ತೆಗೆದ.

ಭಾವುಸಾಹೇಬರು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನಲ್ಲಿ ಕಂಪನಿಯ ನಂಬರುಗಳು ಮುತ್ತಿನಂತೆ ಮೂಡಿದ್ದವು. ನಂಬರು ಬಂದಿದೆಯೆಂದರೆ ತೊಳೆದವರ ತಪ್ಪಿಲ್ಲ. ಅದು ಹೋದ ತಿಂಗಳಷ್ಟೇ ಅವರು ಮಾಡಿದ ಪಾಠ, ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಜ್ಞಾನದೇವನಿಗೆ ಹಗುರಾಗುತ್ತಿತ್ತು.

"ರೋಲ್ ಹಿಡಿದಿಲ್ರಿ ಕಾಕಾ" ಎಂದ ಅವನು. "ಗುಂಡಿ ನೋಡಲಿಲ್ಲ."

"ಫೇಲ್" ಎಂದರು ಭಾವುಸಾಹೇಬರು. ಬೈಯುವ ದನಿಯಲ್ಲ, ಹೊತ್ತು ಎಷ್ಟಾಯಿತೆಂದು ಹೇಳುವ ದನಿ. "ಮುಂದಿನ ವರ್ಷ ಮತ್ತ ಕುಂಡ್ರು. ಅದಿರ್ಲಿ, ಆ ಹುಡುಗಿ ಫೋಟೋಕ್ಕ ಏನು ಮಾಡೂದು?"

 ಲಗಮಪ್ಪ ತನ್ನ ಫೋಟೋಗಳತ್ತ ಬಗ್ಗಿದ. ಅವನ ಜೋಡಿ ನಿಂತದ್ದು ರುಕ್ಮವ್ವನ ಪಕ್ಕದಲ್ಲೇ. ಜನರ ತಲೆ ಅಡ್ಡ ಬರುತ್ತವೆಂದು ಅವನು ಬೆಂಚು ಹತ್ತಿ ಹಿಂದಿನಿಂದ ತೆಗೆದಿದ್ದ. ಇಷ್ಟು ಅಗಲ ಯಾಕೆ ಬಂತು ಎಂದು ಭಾವುಸಾಹೇಬರು ಆಗಲೇ ಅವನ ಅಂಕ ಕತ್ತರಿಸಿದ್ದರು.

"ಇದರಾಗ ಅದಾರ ನೋಡ್ರಿ" ಎಂದು ಅವನು ಒಂದು ಫೋಟೋ ಮುಂದೆ ತಳ್ಳಿದ.

ಫೋಟೋದ ಬಲಬದಿಯಲ್ಲಿ ಅಂತರಪಟ ಆಗತಾನೇ ಸರಿದಿತ್ತು. ಮಾಯಪ್ಪ ನಗುತ್ತಿದ್ದ. ರುಕ್ಮವ್ವ ಮುಖದ ಮೇಲೆ ಬೀಳುವ ಅಕ್ಕಿಕಾಳಿಗೆ ಕಣ್ಣು ಕಿರಿದು ಮಾಡಿ ಅವನನ್ನೇ ನೋಡುತ್ತಿದ್ದಳು. ಒಬ್ಬನು ಹುಡುಕಿದ್ದು ನೋಡಿ ಎಲ್ಲರೂ ತಮ್ಮ ತಮ್ಮ ಫೋಟೋಗಳಲ್ಲಿ ಹುಡುಕಿದರು. "ಇದರಾಗ ಹಾರ ಹಾಕೂದು ಐತಿ." "ಇದರಾಗ ತಾಳಿ, ಅರ್ಧ ಕೈ ಅಡ್ಡ ಬಂದೈತಿ ಖರೆ." ಹುಡುಗರು ರೋಲು ಹಾಳು ಮಾಡುತ್ತಾರೆಂದು ವರ್ಷವೆಲ್ಲ ಗೊಣಗಿದ್ದ ಭಾವುಸಾಹೇಬರು ಆ ಹೆಚ್ಚಿನ ಫೋಟೋಗಳನ್ನೇ ಆರಿಸಿ ಜೋಡಿಸುತ್ತ ಕೂತರು. ಬೇಕಾದ ಭಾಗವನ್ನು ದೊಡ್ಡದು ಮಾಡಿಸಿದರೆ ಒಂದು ಸಣ್ಣ ಆಲ್ಬಮ್ ಆಗುವಷ್ಟಿತ್ತು. 

ಮೆಟ್ಟಿಲು ಇಳಿಯುವಾಗ ಲಗಮಪ್ಪ ಹಿಂದಿನಿಂದ ಅವನ ಹೆಗಲ ಮೇಲೆ ಕೈ ಹಾಕಿದ.

"ನಾಳೆ ನಮ್ಮವರದೆಲ್ಲಾ ಹೆಸರು ಬರಕೊ."

"ಈಗ ಯಾಕಲೇ?"

"ತನ್ನ ಅಂಗಡಿ ಹುಡುಗನ್ನ, ಅದೂ ಕಾರ್ಯದರ್ಶಿನ್ನ, ಎಲ್ಲಾರ ಮುಂದ ಫೇಲ್ ಮಾಡ್ಯಾನ ಮುದುಕ. ಅಂದ್ರ ಈ ಸರ್ಟಿಫಿಕೇಟ್ ಖರೆ ಐತಿ. ನೀ ಪಾಸಾಗಿದ್ರ ನಾವ್ಯಾರೂ ಬರತಿದ್ದಿಲ್ಲ ನೋಡು."

ಜ್ಞಾನದೇವ ಹುಡುಗರನ್ನು ಕರೆತರಲು ಊರೂರು ತಿರುಗಿದ್ದ, ಭಾಷಣ ಮಾಡಿದ್ದ. ಕೊನೆಗೆ ಅವರನ್ನು ತಂದದ್ದು ಹಲ್ಲಿಗೆ ಸಿಗದ ಅವನ ಒಂದು ರೋಲು.

ಆಲ್ಬಮ್ ಕೊಡಲು ಇಬ್ಬರೂ ಬೋರಗಾಂವಕ್ಕೆ ಹೋದರು. ಮಗ್ಗದ ಸಪ್ಪಳದಲ್ಲಿ ಮಾಯಪ್ಪ ಏನು ಕೇಳಿದನೋ, ನಕ್ಕ. ರುಕ್ಮವ್ವ ಅವರನ್ನು ಹೊರಗಿನ ಕಟ್ಟೆಗೆ ಕರೆದು ಚಹಾ ಕೊಟ್ಟು ಹಾಳೆ ತಿರುವಿದಳು. ಅಕ್ಕಿಕಾಳಿನ ದೊಡ್ಡ ಫೋಟೋ ಬಂದಾಗ ಅಲ್ಲಿಯೇ ನಿಂತಳು. ಒಂದು ಕಡೆ ಬೆರಳಿಟ್ಟಳು.

"ನಮ್ಮ ನಡುವ ಕ್ಯಾಮೆರಾದಾಗ ಮಾರಿ ಇಟ್ಟು ಬಗ್ಗಿ ನಿಂತಾವ್ರು ಯಾರ್ರಿ ಇವ್ರು?"

ಜ್ಞಾನದೇವ ಚಹಾದ ಕಪ್ಪು ಕೆಳಗಿಟ್ಟ. ಅವನ ಬಗ್ಗಿದ ಬೆನ್ನೂ ಬೆವರಿದ ಕುತ್ತಿಗೆಯೂ ವಧೂವರರಿಗಿಂತ ಸ್ಪಷ್ಟವಾಗಿ ಬಂದಿದ್ದವು. ದೊಡ್ಡದು ಮಾಡಿಸುವಾಗ ಅದನ್ನು ತೆಗೆದುಹಾಕಲು ಬರುತ್ತಿರಲಿಲ್ಲ, ತೆಗೆದರೆ ರುಕ್ಮವ್ವನ ಅರ್ಧ ಸೀರೆಯೂ ಹೋಗುತ್ತಿತ್ತು.

"ನಾನ್ರಿ ತಂಗಿ" ಎಂದ. "ನೀವು ಬ್ಯಾಡಂದ್ರ..."

"ಇರ್ಲಿ ಬಿಡ್ರಿ" ಎಂದು ರುಕ್ಮವ್ವ ಹಾಳೆಯನ್ನು ಸೆರಗಿನಿಂದ ಒರೆಸಿದಳು. "ಮದವಿಗೆ ಬಂದಾವ್ರು ಎಲ್ಲಾರೂ ಬೇಕು."

ಲಗಮಪ್ಪ ಚಿಕ್ಕೋಡಿ ಮುಟ್ಟುವವರೆಗೂ ಬಸ್ಸಿನಲ್ಲಿ ನಗುತ್ತಲೇ ಬಂದ.

ಮುಂದಿನ ವರ್ಷದ ಪರೀಕ್ಷೆಯಲ್ಲಿ ಜ್ಞಾನದೇವ ಪಾಸಾದ. ಅವನ ಸರ್ಟಿಫಿಕೇಟಿನ ನಂಬರು ಅವನೇ ಪಾಠ ಹೇಳಿದ ಹುಡುಗರೆಲ್ಲರ ನಂಬರುಗಳ ನಂತರ ಬಂತು. ಕೋಣೆಯ ಕೀಲಿ ಭಾವುಸಾಹೇಬರ ಕಿಸೆಯಲ್ಲೇ ಉಳಿಯಿತು. ತರಗತಿಯಿದ್ದ ಸಂಜೆ ಅವರು ಊಟ ಮುಗಿಸಿ, ಬ್ಯಾಟರಿ ಹಿಡಿದು, ಹುಡುಗರ ಗದ್ದ ಎತ್ತಿಸಲು ಶೇಂಗಾ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ತಿಂಗಳ ಮೊದಲ ಗುರುವಾರ ಮಧ್ಯಾಹ್ನ ಸ್ಟುಡಿಯೋದಲ್ಲಿ ಅವರ ಕುರ್ಚಿ ಎಂದಿನಂತೆ ಖಾಲಿ. ಜ್ಞಾನದೇವ ಗಿರಾಕಿಯನ್ನು ಕೂರಿಸಿ, ರೋಲು ಸುತ್ತಿ, ಎಡಗಡೆಯ ಗುಂಡಿ ತಿರುಗುವುದನ್ನು ಕಣ್ಣಾರೆ ನೋಡಿಕೊಂಡು, ಆಮೇಲೆ ಹೇಳುತ್ತಿದ್ದ:

"ಹಾಂ, ಈಗ ಗದ್ದ ಸ್ವಲ್ಪ ಎತ್ರಿ."