ಮಡ್‌ಗಾರ್ಡಿನ ಒಳಗಿನ ತಗಡು

ನಮ್ಮಕ್ಕನಿಗೆ ಗ್ಯಾರೇಜಿನವರು 'ತಗಡಕ್ಕ' ಎಂದು ಹೆಸರಿಟ್ಟಿದ್ದು ಹಂಗಿಸಲೆಂದೇ. ಅವಳು ಅದನ್ನೇ ತನ್ನ ಸಾಮಾನಿನ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಂಡಳು. ಅವಳ ಜಾಯಮಾನವೇ ಅದು. ಏಳು ಎಂದವರ ಎದುರು ಕಾಲು ಚಾಚಿ ಕೂರುವ ಹೆಂಗಸು.

ಅಪ್ಪ ಮೂವತ್ತು ವರ್ಷ ಟಿಂಕರಿಂಗ್ ಮಾಡಿದ ಬೆಂಚಿನಲ್ಲಿ ಈಗ ಅವಳು ತಗಡು ಬಡಿಯುತ್ತಾಳೆ. ಪಕ್ಕದ ಮೂಲೆಯಲ್ಲಿ ನಾನು ಸೀಟು ಹೊಲಿಯುತ್ತೇನೆ. ನನ್ನ ಹೊಲಿಗೆ ಯಂತ್ರದ ಬಗ್ಗೆ ಯಾರ ತಕರಾರೂ ಇಲ್ಲ. ಅವಳ ಸುತ್ತಿಗೆಯ ಸದ್ದು ಕೇಳಿದರೆ ಮಾತ್ರ ಗ್ಯಾರೇಜು ನಡೆಸುವ ಮೇಸ್ತ್ರಿಗೆ ಮೈಯೆಲ್ಲ ಉರಿ. ಅವನು ಕೆಲಸ ಕಲಿತಿದ್ದು ಅಪ್ಪನ ಕೈಕೆಳಗೇ. ಆ ಬೆಂಚಿಗೆ ತನ್ನ ಬಾಮೈದನನ್ನು ತಂದು ಕೂರಿಸುವುದು ಅವನ ಆಸೆ.

ಹೀಗಿರುವಾಗ ನಿವೃತ್ತ ಟೀಚರಮ್ಮ ಒಬ್ಬರ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಬಂತು. ಎರಡೇ ಸೀಟು, ವಯಸ್ಸು ಅರವತ್ತು. ಮುಂದಿನ ಚಕ್ರಗಳು ಎರಚಿದ ಕೆಸರು ಮಡ್‌ಗಾರ್ಡಿನ ಒಳಮೂಲೆಗಳಲ್ಲಿ ಕೂತು ತುಕ್ಕು ಹಿಡಿಸುತ್ತಿತ್ತು. ಕೆಸರು ಅಲ್ಲಿಗೆ ತಲುಪದ ಹಾಗೆ ಚಕ್ರದ ಮೇಲೆ ಅಲ್ಯೂಮಿನಿಯಂ ಹೊದಿಕೆಯೊಂದನ್ನು ಬಾಗಿಸಿ ಕೂರಿಸಬೇಕಿತ್ತು.

"ಇದು ಕೆಟ್ರೆ ನೀನು ಬೆಂಚು ಬಿಡ್ಬೇಕು," ಎಂದ ಮೇಸ್ತ್ರಿ. "ಡ್ರಿಲ್ ಹಾಕಿ ರಿವೆಟ್ ಹೊಡಿ. ಅರ್ಧ ದಿನದ ಕೆಲ್ಸ."

"ತೂತು ಕೊರೆದ್ರೆ ತುಕ್ಕನ್ನ ನಾವೇ ಕೈಹಿಡಿದು ಒಳಗೆ ಕರ್ಕೊಂಡ ಹಾಗೆ ಮಾವ. ಇರೋ ಬೋಲ್ಟುಗಳಲ್ಲೇ ಕೂರಿಸ್ತೀನಿ."

ಜಾಕ್ ಕೊಟ್ಟು ಕಾರೆತ್ತಿ, ಚಕ್ರ ಬಿಚ್ಚಿ, ಒಳಮೂಲೆಯ ಕೆಸರು, ತುಕ್ಕು ಕೆರೆದು ಒರೆಸಿ, ರಟ್ಟಿನಲ್ಲಿ ಅಳತೆ ತೆಗೆದಳು. ತಗಡನ್ನು ಮರದ ಸುತ್ತಿಗೆಯಿಂದ ಬಾಗಿಸಿ, ಅಂಚಿಗೆ ರಬ್ಬರ್ ಪಟ್ಟಿ ತೊಡಿಸಿ ಎಡಗಡೆ ಕೂರಿಸಿದಳು. ಹೇಳಿ ಮಾಡಿಸಿದಂತಿತ್ತು. ಚಕ್ರ ಹಾಕಿ, ಕಾರು ಇಳಿಸಿ, ಸ್ಟೀರಿಂಗ್ ತಿರುಗಿಸಿದರೆ ಟೈರು ಕರ್ರೆಂದು ತಗಡಿಗೆ ಉಜ್ಜಿತು. ಎತ್ತಿದ ಕಾರಿನಲ್ಲಿ ಚಕ್ರ ಜೋತುಬಿದ್ದಿರುತ್ತದೆ, ನೆಲಕ್ಕಿಳಿದರೆ ನಾಲ್ಕು ಬೆರಳು ಮೇಲೇರುತ್ತದೆ. ಆ ನಾಲ್ಕು ಬೆರಳನ್ನು ಅಕ್ಕ ಮರೆತಿದ್ದಳು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಅಳುವೇ ಬಂತು.

"ಆಯ್ತಲ್ಲಮ್ಮ, ಇನ್ನು ಗಂಟುಮೂಟೆ ಕಟ್ಟು," ಎಂದ ಮೇಸ್ತ್ರಿ.

"ತಪ್ಪು ನಂದೇ. ಆದ್ರೆ ಏಳಲ್ಲ. ನೀವು ಕಲಿಯುವಾಗ ಎಷ್ಟು ತಗಡು ಹಾಳು ಮಾಡಿದ್ರಿ ಮಾವ? ಅಪ್ಪ ಒಂದಕ್ಕೇ ಎಬ್ಬಿಸಿ ಕಳಿಸಿದ್ನಾ?"

ಅವಳು ಅಷ್ಟಕ್ಕೇ ಬಿಡಲಿಲ್ಲ. ಕಾರು ಪೂರ್ತಿ ಕುಗ್ಗಲು ಭಾರ ಬೇಕೆಂದು ನನ್ನನ್ನೂ ಮೇಸ್ತ್ರಿಯನ್ನೂ ಕಾರಿಗೆ ಹತ್ತಿಸಿದಳು. ನನ್ನ ತೂಕದ ಬಗ್ಗೆ ಆಡಿಕೊಳ್ಳದವರು ಮನೆಯಲ್ಲಿಲ್ಲ. ಅಂದು ಅದೂ ಉಪಯೋಗಕ್ಕೆ ಬಂತು. ಅಕ್ಕ ಉಜ್ಜಿದ ತಗಡನ್ನು ಬಿಚ್ಚಿ ತೆಗೆದು, ಟೈರಿಗೆ ಸೀಮೆಸುಣ್ಣ ಬಳಿದು, ಒಳಗೆ ಹೊಸ ರಟ್ಟು ಸಿಕ್ಕಿಸಿದಳು.

"ಪೂರ್ತಿ ಎಡಕ್ಕೆ ತಿರುಗಿಸಿ ಮಾವ. ಈಗ ಬಲಕ್ಕೆ. ಇನ್ನೂ ಸ್ವಲ್ಪ."

ಅವನು ಗೊಣಗುತ್ತಲೇ ತಿರುಗಿಸಿದ. ಸುಣ್ಣ ತಾಗಿದಲ್ಲೆಲ್ಲ ಅವಳು ಒಂದು ಬೆರಳು ಹೆಚ್ಚಿಗೆ ಜಾಗ ಬಿಟ್ಟು ರಟ್ಟು ಕತ್ತರಿಸಿದಳು. ಮರುದಿನ ಅದೇ ಅಳತೆಗೆ ಎರಡು ಬದಿಗೂ ಹೊಸ ಹೊದಿಕೆ ಬಡಿದು, ಎಡಗಡೆಯದನ್ನು ಕೂರಿಸಿದಳು.

ಟೀಚರಮ್ಮ ಗ್ಯಾರೇಜಿನ ಹಿಂದಿನ ಕೆಸರು ದಾರಿಯಲ್ಲಿ ಕಾರು ಓಡಿಸಿಕೊಂಡು ಬಂದರು. ಎಷ್ಟು ತಿರುಗಿಸಿದರೂ ಟೈರು ಉಜ್ಜಲಿಲ್ಲ. ಅಕ್ಕ ಹೊದಿಕೆ ಬಿಚ್ಚಿ, ಎಲ್ಲರಿಗೂ ಕಾಣುವಂತೆ ಒಳಮೂಲೆಯನ್ನು ಬಿಳಿ ಬಟ್ಟೆಯಿಂದ ಒರೆಸಿದಳು. ಬಟ್ಟೆ ಬಿಳಿಯಾಗಿಯೇ ಹೊರಬಂತು.

"ಸರಿ, ಹೋಗ್ಲಿ," ಎಂದ ಮೇಸ್ತ್ರಿ, ದೊಡ್ಡ ಮನಸ್ಸು ಮಾಡಿದವನಂತೆ. "ಇವತ್ತಿಂದ ಬೆಂಚು ನಿಂದೇ."

"ಇವತ್ತಿಂದ ಅಲ್ಲ ಮಾವ. ಟೈರು ಉಜ್ಜಿದಾಗ್ಲೂ ನಂದೇ ಆಗಿತ್ತು," ಎಂದು ಅಕ್ಕ ಸ್ಪ್ಯಾನರನ್ನು ಅವನ ಕೈಗಿಟ್ಟಳು. "ಬಲಗಡೆ ಚಕ್ರ ಬಿಚ್ಚಿ ಕೊಡಿ."

ಮೇಸ್ತ್ರಿ ನಮ್ಮೆಲ್ಲರ ಮುಖ ನೋಡಿದ. ಯಾರೂ ನಗಲಿಲ್ಲ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಮೊದಲನೇ ನಟ್ಟು ಸಡಿಲಿಸಿದ.